ತಟ್ಟೆಯಲ್ಲಿ ಬೆಳೆದ ಆಲ್ಝೈಮರ್

ಆಲ್ಝೈಮರ್ ಸಂಶೋಧನೆ ಬಹುಕಾಲ ಇಲಿಗಳನ್ನೇ ನೆಚ್ಚಿಕೊಂಡಿತ್ತು. ರೋಗ ತರುವ ಮಾನವ ಜೀನುಗಳನ್ನು ಸೇರಿಸಿದರೆ ಇಲಿಯ ಮಿದುಳಿನಲ್ಲಿ ಅಮೈಲಾಯ್ಡ್ ಪ್ರೋಟೀನು ಗಟ್ಟಿಯಾಗಿ ಪ್ಲೇಕ್ ಕಟ್ಟುತ್ತದೆ, ನಿಜ. ಆದರೆ ರೋಗಿಗಳ ನರಕೋಶಗಳಲ್ಲಿ ಕಾಣುವ ಟೌ ಪ್ರೋಟೀನಿನ ಸಿಕ್ಕುಗಳು ಅಲ್ಲಿ ಮೂಡುವುದಿಲ್ಲ. ಹೀಗಿರುವಾಗ ಮೊದಲನೆಯದು ಎರಡನೆಯದಕ್ಕೆ ಕಾರಣವೆಂದು ಹೇಳುವುದಾದರೂ ಹೇಗೆ?

2014ರಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಡೂ ಯಾನ್ ಕಿಮ್ ಮತ್ತು ರುಡಾಲ್ಫ್ ಟಾಂಝಿ ಅವರ ತಂಡ 'ನೇಚರ್' ಪತ್ರಿಕೆಯಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಅವರ ಜಾಣತನ ಇದ್ದದ್ದು ಜೆಲ್ಲಿನಲ್ಲಿ. ದ್ರವದಲ್ಲಿ ಬೆಳೆಸಿದ ಕೋಶಗಳು ಉಗುಳುವ ಅಮೈಲಾಯ್ಡ್, ಪೋಷಕ ದ್ರವ ಬದಲಿಸಿದಾಗಲೆಲ್ಲ ಕೊಚ್ಚಿಹೋಗುತ್ತದೆ. ಮಾನವ ನರಕೋಶಗಳನ್ನು ಮ್ಯಾಟ್ರಿಜೆಲ್ ಎಂಬ ಜೆಲ್ಲಿನಲ್ಲಿ ಹುದುಗಿಸಿದಾಗ ಅಮೈಲಾಯ್ಡ್ ಅಲ್ಲಲ್ಲೇ ನಿಂತು ಗಟ್ಟಿಯಾಯಿತು. ಕೆಲವು ವಾರಗಳಲ್ಲಿ ಪ್ಲೇಕ್, ಆಮೇಲೆ ಸಿಕ್ಕು. ಅಮೈಲಾಯ್ಡ್ ತಯಾರಿಸುವ ಕಿಣ್ವಗಳನ್ನು ತಡೆದಾಗ ಟೌ ರೋಗವೂ ತಗ್ಗಿತು. ಆದರೆ ಟೌಗೆ ಫಾಸ್ಫೇಟ್ ಅಂಟಿಸುವ ಕಿಣ್ವವನ್ನು ತಡೆದಾಗ ಅಮೈಲಾಯ್ಡ್ ಇದ್ದಂತೆಯೇ ಇತ್ತು. ಇಡೀ ಪ್ರಬಂಧದ ತಿರುಳು ಈ ಜೋಡಿ ಪ್ರಯೋಗ. ಕಾರಣ ಯಾವುದು, ಪರಿಣಾಮ ಯಾವುದು ಎಂಬುದನ್ನು ಇಷ್ಟು ಚೊಕ್ಕವಾಗಿ ಬಿಡಿಸಿ ತೋರಿಸಿದ ಕೆಲಸ ಅಪರೂಪ. (ಇಲಿಯಿಂದ ಬಿಡುಗಡೆ ಪೂರ್ತಿ ಸಿಕ್ಕಲಿಲ್ಲ ಅನ್ನಿ: ಮ್ಯಾಟ್ರಿಜೆಲ್ ತಯಾರಾಗುವುದೇ ಇಲಿಯ ಕ್ಯಾನ್ಸರ್ ಗೆಡ್ಡೆಯಿಂದ!)

ನನ್ನ ತಕರಾರು ಬೇರೆ. ಆ ಕೋಶಗಳಿಗೆ ಸೇರಿಸಿದ್ದು ವಂಶಪಾರಂಪರ್ಯ ಆಲ್ಝೈಮರಿನ ಜೀನುಗಳನ್ನು, ಅದೂ ಅತಿಯಾಗಿ ಕೆಲಸ ಮಾಡುವಂತೆ. ಅಂಥ ರೋಗಿಗಳು ಬೆರಳೆಣಿಕೆಯಷ್ಟು. ಬಹುಪಾಲು ಜನರಿಗೆ ಈ ರೋಗ ಬರುವುದು ಮುಪ್ಪಿನಲ್ಲಿ, ಆ ಜೀನುಗಳ ಹಂಗಿಲ್ಲದೆ. ತಟ್ಟೆಗೆ ಮುಪ್ಪಿಲ್ಲ, ರಕ್ತನಾಳವಿಲ್ಲ. ಆರಂಭದಲ್ಲಿ ಮಿದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾ ಕೂಡ ಇರಲಿಲ್ಲ. ಆ ಕೊರತೆಯನ್ನು ತುಂಬಿದವರು ಎಂಜಿನಿಯರುಗಳು: 2018ರಲ್ಲಿ ಹಾನ್‌ಸಾಂಗ್ ಚೋ ಅವರ ತಂಡ ಟಾಂಝಿಯವರೊಡನೆ ಸೇರಿ, ಸೂಕ್ಷ್ಮ ಕಾಲುವೆಗಳಿರುವ ಚಿಪ್‌ನಲ್ಲಿ ಮೈಕ್ರೋಗ್ಲಿಯಾ ರೋಗದ ಕಡೆಗೆ ಸಾಗಿಬಂದು ನರಕೋಶಗಳನ್ನೇ ಹಾಳುಗೆಡವುವುದನ್ನು ತೋರಿಸಿತು. 2014ರ ತಟ್ಟೆಗಿಂತ ಈ ಚಿಪ್ ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ.

ತಟ್ಟೆಯಲ್ಲಿ ಫಲಿಸಿದ್ದು ಮನುಷ್ಯರಲ್ಲಿ ಫಲಿಸಬೇಕೆಂದೇನೂ ಇಲ್ಲ. ಅಮೈಲಾಯ್ಡ್ ತಯಾರಿಸುವ ಒಂದು ಕಿಣ್ವವನ್ನು ತಡೆಯುವ ಸೆಮಗಾಸೆಸ್ಟಾಟ್ ಎಂಬ ಔಷಧದ ಪ್ರಯೋಗವನ್ನು 2010ರಲ್ಲೇ ನಿಲ್ಲಿಸಬೇಕಾಯಿತು. ಅದನ್ನು ತೆಗೆದುಕೊಂಡ ರೋಗಿಗಳ ಸ್ಥಿತಿ ಇನ್ನಷ್ಟು ಹದಗೆಟ್ಟಿತ್ತು. ಅಮೈಲಾಯ್ಡ್ ತಯಾರಿಸುವ ಇನ್ನೊಂದು ಕಿಣ್ವವನ್ನು ತಡೆಯುವ ವೆರುಬೆಸೆಸ್ಟಾಟ್ ಕೂಡ ಆಮೇಲೆ ಸೋತಿತು. ರೋಗ ಹೇಗೆ ಶುರುವಾಗುತ್ತದೆ ಎಂಬುದಕ್ಕೆ ಕಿಮ್ ಮತ್ತು ಟಾಂಝಿ ಅವರ ತಟ್ಟೆ ಒಳ್ಳೆಯ ಸಾಕ್ಷಿ; ಶುರುವಾದ ರೋಗವನ್ನು ಹೇಗೆ ನಿಲ್ಲಿಸಬೇಕು ಎಂಬುದಕ್ಕೆ ಅಲ್ಲ.