ಒಂದು ಸ್ಪೀಕರಿಗೆ ಎರಡು ಜಾತಿಯ ಆಂಪ್ಲಿಫೈಯರುಗಳು: ಒಂದು ವಿಮರ್ಶೆ

ಮನೆಯಲ್ಲಿ ಸಂಗೀತ ಕೇಳುವ ಸ್ಟೀರಿಯೋ ಉಪಕರಣಗಳ ವಿಷಯದಲ್ಲಿ ರಸಿಕರ ಮನ್ನಣೆ ಪಡೆದಿರುವ ಒಂದು ಮತವುಂಟು. ಸ್ಪೀಕರಿನ ವೂಫರಿಗೆ ಟ್ರಾನ್ಸಿಸ್ಟರ್ ಆಂಪ್ಲಿಫೈಯರನ್ನೂ ಟ್ವೀಟರಿಗೆ ವಾಲ್ವ್ ಆಂಪ್ಲಿಫೈಯರನ್ನೂ ಬೇರೆಬೇರೆಯಾಗಿ ಜೋಡಿಸಿದರೆ, ಮೊದಲನೆಯದರ ಬಿಗಿಯೂ ಎರಡನೆಯದರ ಮಾಧುರ್ಯವೂ ಒಂದೆಡೆ ಲಭಿಸುತ್ತವೆಂಬುದೇ ಆ ಮತ. ಈ ಜೋಡಣೆಗೆ ಬೈ-ಆಂಪಿಂಗ್ ಎಂದು ಹೆಸರು. ಇತಿಹಾಸದ ಅಧ್ಯಾಪಕರಿಗೆ ಇಲ್ಲೇನು ಕೆಲಸವೆಂದು ಕೆಲವರು ಕೇಳಿಯಾರು. ಧ್ವನಿಮುದ್ರಿಕೆಯೂ ಒಂದು ದಾಖಲೆಯೇ. ನಾವು ಕೇಳಿದ್ದು ದಾಖಲೆಯ ದನಿಯೋ ಯಂತ್ರದ ದನಿಯೋ ಎಂಬುದು ನಿಶ್ಚಯವಾಗದೆ ಅದನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲ.

ಮತವು ನಿರಾಧಾರವೇನಲ್ಲ. 1947ರಲ್ಲಿ ವಿಲಿಯಮ್‌ಸನ್ ಅವರು ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ ತಮ್ಮ ಪ್ರಸಿದ್ಧ ವಾಲ್ವ್ ಆಂಪ್ಲಿಫೈಯರನ್ನು ವಿವರಿಸಿದಾಗ, ಅದರ ಯೋಗ್ಯತೆಯು ಬಹುಮಟ್ಟಿಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಅವಲಂಬಿಸಿತ್ತು. ಮಂದ್ರ ಸ್ವರಗಳು ಪ್ರಬಲವಾದಾಗ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಿರುಳು ಕಾಂತತ್ವದಿಂದ ತುಂಬಿಹೋಗಿ ಸ್ವರ ವಿಕಾರಗೊಳ್ಳುತ್ತದೆ. ವೂಫರಿನ ಅಲುಗಾಟವನ್ನು ಹಿಡಿದಿಡುವ ಶಕ್ತಿಯೂ ವಾಲ್ವ್ ಯಂತ್ರಗಳಿಗೆ ಸಾಮಾನ್ಯವಾಗಿ ಕಡಮೆ. ಆದುದರಿಂದ ಮಂದ್ರದ ಹೊರೆಯನ್ನು ಟ್ರಾನ್ಸಿಸ್ಟರಿಗೆ ವಹಿಸುವುದು ಯುಕ್ತವೇ.

ಆದರೆ ಹೊರೆ ನಿಜವಾಗಿ ಇಳಿಯಿತೆ? ಸಾಮಾನ್ಯ ಗೃಹಸ್ಥರು ಮಾಡಿಕೊಳ್ಳುವ ಜೋಡಣೆಯಲ್ಲಿ ಸ್ವರಗಳನ್ನು ವಿಭಾಗಿಸುವ ಕ್ರಾಸ್‌ಓವರ್ ಇರುವುದು ಸ್ಪೀಕರಿನ ಪೆಟ್ಟಿಗೆಯೊಳಗೆ, ಎಂದರೆ ಆಂಪ್ಲಿಫೈಯರಿನ ನಂತರ. ಎರಡು ಆಂಪ್ಲಿಫೈಯರುಗಳಿಗೂ ಸಮಗ್ರ ಸಂಗೀತವೇ ಒದಗುತ್ತದೆ. ವಾಲ್ವ್ ಯಂತ್ರವು ಮಂದ್ರಕ್ಕೆ ಕರೆಂಟನ್ನು ಒದಗಿಸಬೇಕಾಗಿಲ್ಲವೆಂಬುದು ದಿಟ; ಆದರೆ ಮಂದ್ರದ ವೋಲ್ಟೇಜನ್ನು ಅದು ಹೊರಲೇಬೇಕು. ತಿರುಳು ತುಂಬುವುದು ಈ ವೋಲ್ಟೇಜಿನಿಂದಲೇ ಹೊರತು ವೂಫರಿಗೆ ಹೋಗುವ ಕರೆಂಟಿನಿಂದಲ್ಲ. ಯಾವ ದೌರ್ಬಲ್ಯದಿಂದ ಅದನ್ನು ಪಾರುಮಾಡಿದೆವೆಂದು ಭಾವಿಸುತ್ತೇವೆಯೋ ಆ ದೌರ್ಬಲ್ಯ ಇದ್ದಲ್ಲಿಯೇ ಇದೆ.

ಇಂಗ್ಲೆಂಡಿನ ಕ್ವಾಡ್ ಯಂತ್ರಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 1953ರ ಕ್ವಾಡ್ 2 ವಾಲ್ವ್ ಯಂತ್ರ, 15 ವ್ಯಾಟ್. 1967ರ ಕ್ವಾಡ್ 303 ಟ್ರಾನ್ಸಿಸ್ಟರ್ ಯಂತ್ರ, ಪ್ರತಿ ಚಾನೆಲಿಗೆ 45 ವ್ಯಾಟ್. 8 ಓಮ್ ಸ್ಪೀಕರಿನ ಲೆಕ್ಕದಲ್ಲಿ ಮೊದಲನೆಯದು ಸುಮಾರು 11 ವೋಲ್ಟನ್ನೂ ಎರಡನೆಯದು ಸುಮಾರು 19 ವೋಲ್ಟನ್ನೂ ಕೊಡಬಲ್ಲವು. ಮೃದಂಗದ ಎಡಮುಖದ ಒಂದು ಪೆಟ್ಟು 16 ವೋಲ್ಟನ್ನು ಬೇಡಿತೆನ್ನಿ. 303 ಅದನ್ನು ನಿರಾಯಾಸವಾಗಿ ಒದಗಿಸುತ್ತದೆ. ಅದೇ ಕ್ಷಣದಲ್ಲಿ ಕ್ವಾಡ್ 2 ತನ್ನ ಮೇರೆಯನ್ನು ಮುಟ್ಟಿ ಅಲೆಯ ನೆತ್ತಿಯನ್ನು ಕತ್ತರಿಸುತ್ತದೆ. ಆ ನೆತ್ತಿಯ ಮೇಲೆ ಸವಾರಿಮಾಡುತ್ತಿದ್ದ ವೀಣೆಯ ತಾರಸ್ವರಗಳೂ ಅದರೊಡನೆ ಕತ್ತರಿಸಿಹೋಗುತ್ತವೆ. ಮಂದ ಶ್ರುತಿಯಲ್ಲಿ ಆಲಿಸುವವರಿಗೆ ಈ ದೋಷ ಕಾಣಿಸದಿರಬಹುದು. ಈ ಪದ್ಧತಿಗೆ ಇಷ್ಟೊಂದು ಮಂದಿ ಸಾಕ್ಷಿ ನುಡಿಯಲು ಅದೂ ಒಂದು ಕಾರಣವೆಂದು ನಮ್ಮ ಊಹೆ.

ಇನ್ನೊಂದು ಸಂಗತಿ. ಒಂದು ಯಂತ್ರವು ಸಂಕೇತವನ್ನು ಹತ್ತು ಪಟ್ಟು, ಇನ್ನೊಂದು ಇಪ್ಪತ್ತು ಪಟ್ಟು ಹೆಚ್ಚಿಸಿದರೆ ಮಂದ್ರ-ತಾರಗಳ ನಡುವೆ 6 ಡೆಸಿಬೆಲ್ ಅಂತರ ಬೀಳುತ್ತದೆ. ಇದನ್ನು ಸರಿಪಡಿಸದೆ ಕೇಳಿದವರು ಬಣ್ಣಿಸುವ ‘ಹೊಸ ಕಾಂತಿ’ ಬರಿಯ ತೂಕದ ವ್ಯತ್ಯಾಸ. ಸ್ಪೀಕರಿನ ಹಿಂಬದಿಯಲ್ಲಿ ಎರಡು ಜೋಡಿ ಟರ್ಮಿನಲುಗಳನ್ನು ಕೂಡಿಸುವ ಲೋಹದ ಪಟ್ಟಿಗಳನ್ನು ತೆಗೆಯದಿದ್ದರಂತೂ ಎರಡು ಯಂತ್ರಗಳೂ ಒಂದನ್ನೊಂದು ಸುಡುವ ಅಪಾಯವಿದೆ.

ವಿಭಜನೆಯನ್ನು ಆಂಪ್ಲಿಫೈಯರಿಗೆ ಮೊದಲೇ ಮಾಡುವುದೇ ನಿಜವಾದ ಪರಿಹಾರ. ಆ ಮಾರ್ಗದ ಶಾಸ್ತ್ರೀಯ ನಿರೂಪಣೆಯಲ್ಲಿ 1976ರ ಲಿಂಕ್‌ವಿಟ್ಸ್ ಪ್ರಬಂಧಕ್ಕೆ ಪ್ರಮುಖ ಸ್ಥಾನವಿದೆ. ಅಷ್ಟು ದೂರ ಹೋಗಲೊಲ್ಲದವರು ವಾಲ್ವ್ ಯಂತ್ರದ ಇನ್‌ಪುಟ್ಟಿಗೆ ಒಂದು ಕೆಪಾಸಿಟರನ್ನು ಸೇರಿಸಬಹುದು. ಇನ್‌ಪುಟ್ ಪ್ರತಿರೋಧ ಒಂದು ಲಕ್ಷ ಓಮ್ ಇದ್ದಲ್ಲಿ 0.01 ಮೈಕ್ರೋಫ್ಯಾರಡ್ ಸಾಕು. ಸುಮಾರು 160 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳು ಕ್ರಮೇಣ ಇಳಿದುಹೋಗುತ್ತವೆ.

ಇಷ್ಟಾದ ಮೇಲೂ ವಾಲ್ವಿನ ಮಾಧುರ್ಯವೆಂಬುದು ವಾಲ್ವಿಗೇ ವಿಶಿಷ್ಟವೆ ಎಂಬ ಪ್ರಶ್ನೆ ಉಳಿಯುತ್ತದೆ. 1985ರಲ್ಲಿ ಅಮೆರಿಕದ ಬಾಬ್ ಕಾರ್ವರ್ ಅವರು ತಮ್ಮ ಟ್ರಾನ್ಸಿಸ್ಟರ್ ಯಂತ್ರವನ್ನು ತಿದ್ದಿ, ಬೆಲೆಬಾಳುವ ಒಂದು ವಾಲ್ವ್ ಯಂತ್ರದ ಧ್ವನಿಗೆ ಸರಿಹೊಂದಿಸಿದರು. ಸ್ಟೀರಿಯೋಫೈಲ್ ಪತ್ರಿಕೆಯ ಪರೀಕ್ಷಕರಿಗೆ ಎರಡರ ಭೇದ ಆಗ ತಿಳಿಯಲಿಲ್ಲ. ಎರಡನೆಯ ಆಂಪ್ಲಿಫೈಯರಿಗೆ ಹಣ ತೆರುವವರು ಮೊದಲು ಈ ಸಾಕ್ಷ್ಯಕ್ಕೆ ಉತ್ತರ ಹೇಳಬೇಕಾಗಿದೆ.