ಹಬ್ಬದ ಬಸ್ಸು: ಕಳಿಸಿದ್ದು ಎಷ್ಟು, ಮುಟ್ಟಿಸಿದ್ದು ಎಷ್ಟು?

ದಸರಾ, ದೀಪಾವಳಿ ಹತ್ತಿರವಾದಂತೆ ಕೆಎಸ್‌ಆರ್‌ಟಿಸಿಯ ಪ್ರಕಟಣೆ ತಪ್ಪದೆ ಬರುತ್ತದೆ. ಎರಡು ಸಾವಿರದ ಆಸುಪಾಸು ಹೆಚ್ಚುವರಿ ಬಸ್ಸುಗಳು. ಮೆಜೆಸ್ಟಿಕ್‌ನಿಂದ ಧರ್ಮಸ್ಥಳ, ಶಿವಮೊಗ್ಗ, ಹುಬ್ಬಳ್ಳಿ, ಕಲಬುರಗಿ ಕಡೆಗೆ. ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಿಂದ ಮೈಸೂರು, ಮಡಿಕೇರಿ ಕಡೆಗೆ. ಶಾಂತಿನಗರದಿಂದ ತಮಿಳುನಾಡು, ಕೇರಳಕ್ಕೆ. ನಾಲ್ಕು ಮಂದಿ ಒಟ್ಟಿಗೆ ಸೀಟು ಕಾದಿರಿಸಿದರೆ ಶೇ 5ರಷ್ಟು, ಹೋಗಿಬರುವ ಟಿಕೆಟ್ ಒಮ್ಮೆಗೇ ತೆಗೆದರೆ ಮರುಪ್ರಯಾಣಕ್ಕೆ ಶೇ 10ರಷ್ಟು ರಿಯಾಯಿತಿ. ಈ ವ್ಯವಸ್ಥೆಯನ್ನು ನಾವು ಬಸ್ಸುಗಳ ಸಂಖ್ಯೆಯಿಂದಲೇ ಅಳೆಯುತ್ತಾ ಬಂದಿದ್ದೇವೆ. ಆ ಅಳತೆ ಸಾಲದು.

ಮೊದಲು ಮೆಚ್ಚಬೇಕಾದದ್ದನ್ನು ಮೆಚ್ಚೋಣ. ಹಬ್ಬದ ಹಿಂದಿನ ಸಂಜೆ ಮೆಜೆಸ್ಟಿಕ್‌ನಲ್ಲಿ ಹಾಸನದ ಬಸ್ಸು ಪ್ಲಾಟ್‌ಫಾರಂಗೆ ತಿರುಗುವಷ್ಟರಲ್ಲೇ ಕಿಟಕಿಯಿಂದ ಟವೆಲ್ಲು, ಬ್ಯಾಗು ಸೀಟಿನ ಮೇಲೆ ಬೀಳುತ್ತವೆ. ಸಂಚಾರ ನಿಯಂತ್ರಕರು ಉಳಿದ ಜನರನ್ನು ಕಣ್ಣಳತೆಯಲ್ಲೇ ಎಣಿಸಿ, ಹಿಂದೆ ಕಾದು ನಿಂತ ಬಸ್ಸಿಗೆ ಬೋರ್ಡು ಬದಲಿಸಿ ಕರೆಸುತ್ತಾರೆ. ಆ ಹೊತ್ತಿನಲ್ಲಿ ವೇಳಾಪಟ್ಟಿಗೆ ಕೆಲಸವಿಲ್ಲ, ತುಂಬಿದ್ದು ಹೊರಡುತ್ತದೆ. 1948ರಲ್ಲಿ 120 ಬಸ್ಸುಗಳಿಂದ ಆರಂಭವಾದ ಸಾರ್ವಜನಿಕ ಸಾರಿಗೆ ಇಂದು ಒಂದು ಹಬ್ಬಕ್ಕೆ ಅದರ ಹಲವು ಪಟ್ಟು ಬಸ್ಸು ಹೊಂದಿಸುತ್ತದೆ. ಖಾಸಗಿ ಸ್ಲೀಪರ್‌ಗಳ ದರ ದುಪ್ಪಟ್ಟು, ಕೆಲವೊಮ್ಮೆ ಮೂರು ಪಟ್ಟು ಏರುವ ಆ ರಾತ್ರಿಯಲ್ಲಿ ಗಾರೆ ಕೆಲಸದವರಿಗೆ, ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಊರಿನ ದಾರಿ ತೆರೆದಿಡುವುದು ಈ ಕೆಂಪು ಬಸ್ಸುಗಳೇ. 2023ರ ಜೂನ್ 11ರಂದು ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲಂತೂ ಈ ಹೊಣೆ ಇನ್ನಷ್ಟು ಹಿರಿದಾಗಿದೆ.

ಆದರೆ ಈ ಬಸ್ಸುಗಳನ್ನು ಹಬ್ಬಕ್ಕೆಂದು ಹೊಸದಾಗಿ ಕೊಂಡಿರುವುದಿಲ್ಲ. ಡಿಪೋಗಳ ಸ್ಪೇರ್ ಬಸ್ಸುಗಳು ಸಾಲದಾದಾಗ ಉಳಿದವು ದಿನನಿತ್ಯದ ಷೆಡ್ಯೂಲಿನಿಂದಲೇ ಬರಬೇಕು. ಮೊದಲ ಪೆಟ್ಟು ಬೀಳುವುದು ಹಳ್ಳಿಯ ಟ್ರಿಪ್ಪಿಗೆ. ಬೆಂಗಳೂರಿನಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬೆಳಗಿನ ಜಾವ ತಾಲ್ಲೂಕು ನಿಲ್ದಾಣದಲ್ಲಿ ಇಳಿದವರಿಗೆ ತಮ್ಮೂರಿನ ಬಸ್ಸು ಇಲ್ಲದಿದ್ದರೆ ಪ್ರಯಾಣ ಮುಗಿದಂತಾಯಿತೇ? ಮಕ್ಕಳು, ಗಂಟುಮೂಟೆ ಸಮೇತ ಆಟೊದವರು ಕೇಳಿದಷ್ಟು ಕೊಟ್ಟು ಹೋಗಬೇಕು. ರಾಜಧಾನಿಯಿಂದ ಹೊರಟ ಬಸ್ಸುಗಳನ್ನು ಎಣಿಸುವ ಪಟ್ಟಿಯಲ್ಲಿ ಈ ಕೊನೆಯ ಹತ್ತು ಹದಿನೈದು ಕಿಲೋಮೀಟರ್ ಕಾಣುವುದೇ ಇಲ್ಲ.

ಇನ್ನು ಮರುಪ್ರಯಾಣ. ನನ್ನ ಮಟ್ಟಿಗೆ ನಿರ್ವಹಣೆಯ ನಿಜವಾದ ಪರೀಕ್ಷೆ ಇರುವುದು ಇಲ್ಲೇ. ಹೋಗುವಾಗ ಜನ ಮೂರು ನಿಲ್ದಾಣಗಳಲ್ಲಿ ಒಟ್ಟಾಗಿ ಸಿಗುತ್ತಾರೆ; ಬರುವಾಗ ನೂರಾರು ನಿಲ್ದಾಣಗಳಲ್ಲಿ ಚದುರಿ, ರಜೆಯ ಕೊನೆಯ ಒಂದೇ ರಾತ್ರಿಗೆ ಮುಗಿಬೀಳುತ್ತಾರೆ. ಹುಬ್ಬಳ್ಳಿಗೆ ಸುಮಾರು 400 ಕಿಲೋಮೀಟರ್ ಓಡಿದ ಬಸ್ಸನ್ನು ಮರುದಿನವೇ ಕರೆಸಿಕೊಂಡರೆ ಖಾಲಿ ಓಟದ ಡೀಸೆಲ್ ಖರ್ಚು. ಅಲ್ಲೇ ಉಳಿಸಿಕೊಂಡರೆ ಅಷ್ಟು ದಿನ ಬಸ್ಸು ನಿಂತ ನಷ್ಟ. ಆ ದಿನಗಳಲ್ಲಿ ಅದೇ ಬಸ್ಸನ್ನು ಸುತ್ತಲಿನ ಊರುಗಳಿಗೆ, ಜಾತ್ರೆಗಳಿಗೆ ಓಡಿಸಿದರೆ ಎರಡೂ ಕಷ್ಟಕ್ಕೆ ಒಂದು ದಾರಿ ಸಿಕ್ಕೀತು. ಅದಕ್ಕೆ ಹುಬ್ಬಳ್ಳಿಯ ವಾಯವ್ಯ ಸಾರಿಗೆ, ಕಲಬುರಗಿಯ ಕಲ್ಯಾಣ ಕರ್ನಾಟಕ ಸಾರಿಗೆ ಮತ್ತು ಬೆಂಗಳೂರು ಒಂದೇ ಯೋಜನೆಯಡಿ ಕೂಡಿ ದುಡಿಯಬೇಕು. ನಿಗಮಗಳು ಬೇರೆಯಾಗಿರಬಹುದು, ಪ್ರಯಾಣಿಕರು ಬೇರೆಯಲ್ಲ. ಪ್ರಕಟಣೆಗಳಲ್ಲಿ ಹೊರಡುವ ಊರುಗಳ ಪಟ್ಟಿ ಉದ್ದವಿರುತ್ತದೆ. ಮರಳುವ ಬಸ್ಸುಗಳ ಮಾತು ‘ವಿವಿಧ ಸ್ಥಳಗಳಿಂದ’ ಎಂಬಲ್ಲಿಗೆ ಮುಗಿದುಬಿಡುತ್ತದೆ.

ಎಲ್ಲಕ್ಕಿಂತ ಗಂಭೀರವಾದದ್ದು ಚಾಲಕರ ನಿದ್ದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯನ್ನು ರೂಪಿಸಿದವರು ಹಬ್ಬವನ್ನು ಮರೆತಿರಲಿಲ್ಲ. ದಿನಕ್ಕೆ 8, ವಾರಕ್ಕೆ 48 ಗಂಟೆ ಎಂದವರು ಹಬ್ಬದ ಸಂದರ್ಭಕ್ಕೂ ದೂರದ ಮಾರ್ಗಕ್ಕೂ ಅನುಮತಿ ಪಡೆದು 10 ಮತ್ತು 54 ಗಂಟೆಗಳವರೆಗೆ ಸಡಿಲಿಸಿದರು. ಅಲ್ಲಿಗೆ ಗೆರೆ ಎಳೆದರು. ಒಂದು ಡ್ಯೂಟಿಗೂ ಮರುದಿನದ ಡ್ಯೂಟಿಗೂ ನಡುವೆ ಸತತ 9 ಗಂಟೆಯ ವಿಶ್ರಾಂತಿಯನ್ನೂ ವಿಧಿಸಿದರು. ಈ ಅಳತೆ ಇಟ್ಟುಕೊಂಡು ಹಬ್ಬದ ರಾತ್ರಿಯನ್ನು ನೋಡಿ. ಹಾಸನ ಮಾಮೂಲಿ ದಿನ ನಾಲ್ಕು ಗಂಟೆಯ ದಾರಿ. ಹೋಗಿಬಂದರೆ ಎಂಟು ಗಂಟೆ. ನೆಲಮಂಗಲ ದಾಟುವುದಕ್ಕೇ ಗಂಟೆಗಟ್ಟಲೆ ತೆವಳಬೇಕಾದ ಸಂಜೆ ಆ ಲೆಕ್ಕ ಎಲ್ಲಿ ನಿಲ್ಲುತ್ತದೆ? ಮಾಮೂಲಿ ದಿನದ ಓಟದ ಸಮಯವನ್ನೇ ಹಬ್ಬಕ್ಕೂ ಹಚ್ಚಿ, ಬಂದವರಿಗೆ ‘ಇನ್ನೊಂದು ಟ್ರಿಪ್ ಹೋಗಿಬಾ’ ಎಂದರೆ, ಕಾಗದದ ಮೇಲೆ ಉಳಿದ ಗಂಟೆಗಳನ್ನು ಚಾಲಕರ ಕಣ್ಣಿನಿಂದ ಕಿತ್ತುಕೊಂಡಂತೆ. ಐವತ್ತು ಜೀವ ಹೊತ್ತ ಬಸ್ಸಿನಲ್ಲಿ ಡಬಲ್ ಡ್ಯೂಟಿಯನ್ನು ಸೇವಾಭಾವ ಎಂದು ಹೊಗಳುವುದನ್ನು ನಾವು ಬಿಡಬೇಕು.

ಜನರನ್ನು ಬೆಂಗಳೂರಿನಿಂದ ಕಳಿಸಿಕೊಡುವುದರಲ್ಲಿ ನಮ್ಮ ಸಾರಿಗೆ ಸಂಸ್ಥೆ ಪಳಗಿದೆ. ಮನೆ ಮುಟ್ಟಿಸಿ, ಮರಳಿ ಕರೆತರುವುದರಲ್ಲಿ ಕಲಿಯಬೇಕಾದದ್ದು ಇನ್ನೂ ಇದೆ. ಹಬ್ಬ ಮುಗಿದ ಮರುವಾರ ಮೂರು ಲೆಕ್ಕ ಪ್ರಕಟವಾಗಲಿ: ಯಾವ ತಾಲ್ಲೂಕಿನಲ್ಲಿ ಎಷ್ಟು ಹಳ್ಳಿ ಟ್ರಿಪ್ ರದ್ದಾದವು, ಮರುಪ್ರಯಾಣಕ್ಕೆ ಎಷ್ಟು ಬಸ್ಸು ಎಲ್ಲಿಂದ ಹೊರಟವು, ಎಷ್ಟು ಚಾಲಕರಿಗೆ 9 ಗಂಟೆಯ ವಿಶ್ರಾಂತಿ ಸಿಕ್ಕಿತು. ಮುಂದಿನ ಹಬ್ಬದ ಯೋಜನೆ ಈ ಲೆಕ್ಕದಿಂದ ಶುರುವಾದರೆ ಸಾಕು, ಬಸ್ಸುಗಳ ಸಂಖ್ಯೆ ಹೆಚ್ಚದಿದ್ದರೂ ಸೇವೆ ಹೆಚ್ಚುತ್ತದೆ.