ಆಡದೇ ಉಳಿದ ಆಟ: ಡೆನಿಸ್ ಬ್ರೂಟಸ್ ಮತ್ತು ಬಹಿಷ್ಕಾರದ ಪ್ರಶ್ನೆ

ಕನ್ನಡದಲ್ಲಿ 'ಬಹಿಷ್ಕಾರ' ಎಂದರೆ ಮೊದಲು ಕಣ್ಣಿಗೆ ಬರುವುದು ಊರು. ಬಾವಿ, ಕಿರಾಣಿ ಅಂಗಡಿ, ದೇವರ ತೇರು ಎಲ್ಲದರಿಂದಲೂ ಒಂದು ಕುಟುಂಬವನ್ನು ಹೊರಗಿಡುವ ಕಟ್ಟಳೆ. ಅನಂತಮೂರ್ತಿಯವರ 'ಘಟಶ್ರಾದ್ಧ'ದಲ್ಲಿ ಬದುಕಿರುವ ಹೆಣ್ಣಿಗೆ ಶ್ರಾದ್ಧ ಮಾಡಿ ಜಾತಿಯಿಂದ ಹೊರಹಾಕುತ್ತಾರೆ. 1927ರಲ್ಲಿ ಅಂಬೇಡ್ಕರ್ ತಮ್ಮ ಪತ್ರಿಕೆಗೆ 'ಬಹಿಷ್ಕೃತ ಭಾರತ' ಎಂದು ಹೆಸರಿಟ್ಟದ್ದು ಈ ಅರ್ಥವನ್ನು ಹೊತ್ತೇ. ಇಂಗ್ಲಿಷಿನ 'ಬಾಯ್ಕಾಟ್' ಹುಟ್ಟಿದ ಕಥೆ ಇದಕ್ಕೆ ತಿರುವುಮುರುವು. 1880ರಲ್ಲಿ ಐರ್ಲೆಂಡಿನ ಗೇಣಿದಾರರು ಜಮೀನುದಾರನ ಏಜೆಂಟನಾಗಿದ್ದ ಚಾರ್ಲ್ಸ್ ಬಾಯ್ಕಾಟ್‌ನ ಕೆಲಸಕ್ಕೆ ಹೋಗಲಿಲ್ಲ, ಅವನೊಡನೆ ಮಾತಾಡಲಿಲ್ಲ. ನಮ್ಮ ಪದ ಮೇಲಿನಿಂದ ಕೆಳಕ್ಕೆ ಬೀಳುತ್ತದೆ, ಅವರದು ಕೆಳಗಿನಿಂದ ಮೇಲಕ್ಕೆ ಏಳುತ್ತದೆ. ನಾವು ಎರಡನ್ನೂ ಒಂದೇ ಪದದಲ್ಲಿ ಹೇಳುತ್ತೇವೆ.

ಒಲಿಂಪಿಕ್ಸ್ ಅಥವಾ ವಿಶ್ವಕಪ್ ಹತ್ತಿರ ಬಂದಾಗಲೆಲ್ಲ ಬಹಿಷ್ಕಾರದ ಕರೆ ಏಳುತ್ತದೆ. ಆಗೆಲ್ಲ ನನಗೆ ದಕ್ಷಿಣ ಆಫ್ರಿಕಾದ ಕವಿ ಡೆನಿಸ್ ಬ್ರೂಟಸ್ ನೆನಪಾಗುತ್ತಾನೆ. ಜೈಲು ಸಾಹಿತ್ಯದ ಮೇಲೆ ಕೆಲಸ ಮಾಡುವ ನನ್ನಂಥವರಿಗೆ ಅವನು 1968ರ 'ಲೆಟರ್ಸ್ ಟು ಮಾರ್ಥಾ' ಸಂಕಲನದ ಕವಿ. ಕ್ರೀಡಾ ಇತಿಹಾಸ ಬರೆಯುವವರಿಗೆ ವರ್ಣಭೇದದ ದಕ್ಷಿಣ ಆಫ್ರಿಕಾವನ್ನು ಒಲಿಂಪಿಕ್ಸಿನಿಂದ ಹೊರಗಿಡಿಸಿದ ಸಂಘಟಕ. ಇಬ್ಬರೂ ಒಬ್ಬನೇ ಎಂಬುದನ್ನು ಎರಡೂ ಕಡೆಯವರು ಅಡಿಟಿಪ್ಪಣಿಯಲ್ಲಿ ಮುಗಿಸುತ್ತಾರೆ. ನನಗೆ ಆ ಅಡಿಟಿಪ್ಪಣಿಯೇ ಮುಖ್ಯ.

ನಡೆದದ್ದು ಇಷ್ಟು. ಮೇಷ್ಟರಾಗಿದ್ದ ಬ್ರೂಟಸ್ ಕರಿಯ ಆಟಗಾರರಿಗೆ ರಾಷ್ಟ್ರೀಯ ತಂಡದಲ್ಲಿ ಜಾಗ ಕೇಳುತ್ತ ಸಂಘಟನೆ ಕಟ್ಟಿದ. ಸರ್ಕಾರ ಅವನ ಮೇಲೆ ನಿರ್ಬಂಧ ಹೇರಿತು. 1963ರಲ್ಲಿ ನಿರ್ಬಂಧ ಮುರಿದು ಕ್ರೀಡಾ ಸಭೆಗೆ ಹೋದದ್ದಕ್ಕೆ ಬಂಧನವಾಯಿತು. ಜಾಮೀನಿನ ಮೇಲೆ ಹೊರಬಂದು ದೇಶ ಬಿಟ್ಟರೆ ಮೊಜಾಂಬಿಕ್‌ನಲ್ಲಿ ಪೋರ್ಚುಗೀಸರು ಹಿಡಿದು ವಾಪಸು ಒಪ್ಪಿಸಿದರು. ಜೊಹಾನ್ಸ್‌ಬರ್ಗ್‌ನಲ್ಲಿ ತಪ್ಪಿಸಿಕೊಳ್ಳಲು ಓಡಿದಾಗ ಬೆನ್ನಿಗೆ ಗುಂಡು ಬಿತ್ತು. ಬಂದ ಆಂಬುಲೆನ್ಸ್ ಬಿಳಿಯರದು. ಅವನು ಇನ್ನೊಂದಕ್ಕಾಗಿ ಕಾಯಬೇಕಾಯಿತು. ರಾಬೆನ್ ದ್ವೀಪದಲ್ಲಿ ಕಲ್ಲು ಒಡೆಯುತ್ತಿದ್ದಾಗ, 1964ರ ಟೋಕಿಯೊ ಒಲಿಂಪಿಕ್ಸಿಗೆ ದಕ್ಷಿಣ ಆಫ್ರಿಕಾಕ್ಕೆ ಪ್ರವೇಶವಿಲ್ಲ ಎಂಬ ಸುದ್ದಿ ಮುಟ್ಟಿತು. 1970ರಲ್ಲಿ ಒಲಿಂಪಿಕ್ ಸಮಿತಿ ಆ ದೇಶವನ್ನು ಪೂರ್ತಿ ಉಚ್ಚಾಟಿಸಿತು.

ಅವನ ವಾದ ಸರಳ. ಬಹಿಷ್ಕಾರ ಆಗಲೇ ನಡೆದಿದೆ. ಕರಿಯರನ್ನು ಅಂಗಳದಿಂದ ಹೊರಗಿಟ್ಟವರೇ ಅದನ್ನು ಶುರುಮಾಡಿದವರು. ನಾವು ಕೇಳುತ್ತಿರುವುದು ಒಲಿಂಪಿಕ್ಸ್ ತನ್ನ ನಿಯಮವನ್ನು ತಾನೇ ಪಾಲಿಸಲಿ ಎಂದಷ್ಟೆ. 'ಘಟಶ್ರಾದ್ಧ' ಓದಿದ ಕನ್ನಡಿಗರಿಗೆ ಈ ತಿರುವನ್ನು ವಿವರಿಸಿ ಹೇಳಬೇಕಿಲ್ಲ.

ಬಿಡುಗಡೆಯ ಮೇಲೂ ಕವಿತೆ ಪ್ರಕಟಿಸುವಂತಿರಲಿಲ್ಲ. ಆದ್ದರಿಂದಲೇ ಸೋದರನ ಹೆಂಡತಿಗೆ ಬರೆದ 'ಪತ್ರ'ಗಳು. ಜೈಲಿಗೆ ಮುಂಚಿನ ಅವನ ಕವಿತೆಗಳಲ್ಲಿ ಅಲಂಕಾರ ಜಾಸ್ತಿ, ಪಾಂಡಿತ್ಯದ ಭಾರ ಜಾಸ್ತಿ. ಒಂಟಿ ಸೆಲ್ಲಿನಲ್ಲಿ ಕೂತಾಗ ಇನ್ನು ಸಾಮಾನ್ಯರಿಗೆ ತಿಳಿಯುವಂತೆ ಬರೆಯಬೇಕು ಎಂದು ನಿರ್ಧರಿಸಿದೆ ಎಂದು ಅವನೇ ಹೇಳಿಕೊಂಡಿದ್ದಾನೆ. 'ಮಾರ್ಥಾ' ಸಂಕಲನದ ಬಹುಪಾಲು ಇಲ್ಲಗಳ ಬಗ್ಗೆ ಇದೆ. ಸಂಗೀತವಿಲ್ಲ, ನಕ್ಷತ್ರ ನೋಡಲು ಬಿಡುವುದಿಲ್ಲ, ಮೋಡ ಮತ್ತು ಹಕ್ಕಿ ಕಂಡರೆ ಅದೇ ದೊಡ್ಡದು. ಭಯ, ಚಾಕು, ಕೈದಿ ಕೈದಿಯ ಮೇಲೆ ನಡೆಸುವ ಲೈಂಗಿಕ ದಬ್ಬಾಳಿಕೆ ಎಲ್ಲವನ್ನೂ ದನಿ ಏರಿಸದೆ ಹೇಳುತ್ತಾನೆ. ನಾನು ಈ ಕವಿತೆಗಳನ್ನು ಬಹಿಷ್ಕಾರದ ಪಕ್ಕದಲ್ಲಿಟ್ಟು ಓದುತ್ತೇನೆ. ಸಣ್ಣ ಸುಖವೊಂದನ್ನು ಕಿತ್ತುಕೊಂಡರೆ ಮನುಷ್ಯ ಎಷ್ಟು ಕುಗ್ಗುತ್ತಾನೆ ಎಂದು ಮೈಯಾರೆ ಬಲ್ಲವನು, ರಗ್ಬಿ-ಕ್ರಿಕೆಟ್ಟುಗಳ ಹುಚ್ಚು ಹಿಡಿದ ಆಳುವ ವರ್ಗದಿಂದ ಆಟವನ್ನು ಕಿತ್ತುಕೊಳ್ಳಬೇಕು ಎಂದ. 'ಅದು ಬರೀ ಆಟ ತಾನೆ' ಎನ್ನುವ ಮಾತು ಅವನ ಮುಂದೆ ನಿಲ್ಲುವುದಿಲ್ಲ.

ಇದಕ್ಕೆ ಎದುರಾದ ಸಾಕ್ಷಿಯೂ ಒಂದು ಪುಸ್ತಕವೇ. ಟೆನಿಸ್ ಆಟಗಾರ ಆರ್ಥರ್ ಆಶ್ 1973ರಲ್ಲಿ ಜೊಹಾನ್ಸ್‌ಬರ್ಗಿಗೆ ಹೋಗಿ ಆಡಿದಾಗ ಬಹಿಷ್ಕಾರದ ಪರ ಇದ್ದವರು ಅವನನ್ನು ಟೀಕಿಸಿದರು. ಅಲೆಕ್ಸಾಂಡ್ರಾ ಬಡಾವಣೆಯ ಬಡ ಹುಡುಗ ಮಾರ್ಕ್ ಮಾಥಬಾನೆಗೆ ಮಾತ್ರ ಆ ಭೇಟಿ ಬದುಕಿನ ದಿಕ್ಕನ್ನೇ ತೋರಿತು. ಟೆನಿಸ್ ಹಿಡಿದೇ ಅವನು ಅಮೆರಿಕ ಸೇರಿದ, 1986ರಲ್ಲಿ 'ಕಾಫಿರ್ ಬಾಯ್' ಬರೆದ. ಆಶ್ ಬರದೇ ಇದ್ದಿದ್ದರೆ ಆ ಪುಸ್ತಕ ಇರುತ್ತಿತ್ತೇ? ಬಹಿಷ್ಕಾರವಾದಿಗಳು ಈ ಪ್ರಶ್ನೆಯನ್ನು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. 1959ರಲ್ಲಿ ಫ್ರಾಂಕ್ ವೊರೆಲ್ ನಾಯಕತ್ವದ ವೆಸ್ಟ್ ಇಂಡೀಸ್ ತಂಡವೊಂದು ದಕ್ಷಿಣ ಆಫ್ರಿಕಾದ ಕರಿಯ ತಂಡಗಳೊಡನೆ ಆಡಲು ಹೊರಟಾಗ ಸಿ.ಎಲ್.ಆರ್. ಜೇಮ್ಸ್ 'ಹೋಗಲಿ' ಎಂದ; ಅವನ ಹಳೆಯ ಗೆಳೆಯ ಲಿಯರಿ ಕಾನ್‌ಸ್ಟಂಟೈನ್ 'ಬೇಡ' ಎಂದ. ಬ್ರೂಟಸ್‌ನ ಸಂಘಟನೆಯೂ ವಿರೋಧಿಸಿತು, ಪ್ರವಾಸ ರದ್ದಾಯಿತು. ಜೇಮ್ಸ್‌ನಂಥ ಮಾರ್ಕ್ಸ್‌ವಾದಿಯೇ ಆ ಕಡೆ ನಿಂತಿದ್ದ ಎಂದ ಮೇಲೆ ಇದು ಸುಲಭದ ಲೆಕ್ಕವಾಗಿರಲಿಲ್ಲ.

ಆದರೂ ನಾನು ಬ್ರೂಟಸ್ ಕಡೆಗೆ ವಾಲುತ್ತೇನೆ. ಅವನ ಬಹಿಷ್ಕಾರಕ್ಕೆ ಒಂದು ಶರತ್ತಿತ್ತು: ಎಲ್ಲರಿಗೂ ಆಡಲು ಬಿಡಿ, ನಾವು ಕರೆ ಹಿಂತೆಗೆಯುತ್ತೇವೆ. ಅದನ್ನು ಕೇಳಿದವರು ನೊಂದವರೇ. ಬೆಲೆ ತೆತ್ತವರಲ್ಲಿ ನಾವೂ ಇದ್ದೆವು. 1974ರಲ್ಲಿ ವಿಜಯ್ ಮತ್ತು ಆನಂದ್ ಅಮೃತರಾಜ್ ಇದ್ದ ಭಾರತ ತಂಡ ಡೇವಿಸ್ ಕಪ್ ಫೈನಲ್ ತಲುಪಿತು. ಎದುರಾಳಿ ದಕ್ಷಿಣ ಆಫ್ರಿಕಾ. ಭಾರತ ಆಡಲಿಲ್ಲ, ಕಪ್ ಆಟವಿಲ್ಲದೆ ಅವರ ಪಾಲಾಯಿತು. ಆ ಕಪ್ಪನ್ನು ಭಾರತ ಇವತ್ತಿನವರೆಗೂ ಗೆದ್ದಿಲ್ಲ. ತಾನು ಗೆಲ್ಲಬಹುದಾದದ್ದನ್ನು ಬಿಟ್ಟುಕೊಟ್ಟಾಗಲೇ ಬಹಿಷ್ಕಾರಕ್ಕೆ ತೂಕ.

ಈ ಅಳತೆಗೋಲು ಹಿಡಿದರೆ 2022ರ ಕತಾರ್ ವಿಶ್ವಕಪ್ ಬೇರೆಯಾಗಿ ಕಾಣುತ್ತದೆ. ಕ್ರೀಡಾಂಗಣ, ರಸ್ತೆ, ಹೋಟೆಲುಗಳನ್ನು ಕಟ್ಟಿದವರು ನೇಪಾಳ, ಬಾಂಗ್ಲಾದೇಶ, ಭಾರತದ ಕೂಲಿಗಳು. ಕೆಲಸ ಬದಲಿಸಲೂ ಮಾಲೀಕನ ಅನುಮತಿ ಬೇಡುತ್ತಿದ್ದ ಕಫಾಲಾ ಪದ್ಧತಿಯ ಬಗ್ಗೆ ನಮ್ಮ ಕರಾವಳಿಯ ಗಲ್ಫ್ ಮನೆಗಳಲ್ಲಿ ಕೇಳಿದರೆ ಸಾಕು. ಬಹಿಷ್ಕಾರದ ಕೂಗು ಜೋರಾಗಿದ್ದದ್ದು ಯೂರೋಪಿನ ಗ್ಯಾಲರಿಗಳಲ್ಲಿ. ನಾರ್ವೆಯ ಫುಟ್‌ಬಾಲ್ ಒಕ್ಕೂಟ 2021ರಲ್ಲಿ ವಿಶೇಷ ಅಧಿವೇಶನ ಕರೆದು ಚರ್ಚಿಸಿ, ಬಹಿಷ್ಕಾರ ಬೇಡ ಎಂದು ಮತ ಹಾಕಿತು. ಆ ಚರ್ಚೆಯನ್ನು ನಾನು ಗೌರವಿಸುತ್ತೇನೆ. ಆದರೆ ಬಾಕಿ ಸಂಬಳ, ಸತ್ತವರ ಕುಟುಂಬಕ್ಕೆ ಪರಿಹಾರ ಎಂಬ ಬೇಡಿಕೆಗಳನ್ನು ಬಿಟ್ಟು ಬರೀ ಟಿವಿ ಆರಿಸಿದವರ ಬಹಿಷ್ಕಾರ ಸ್ವಂತ ಮಡಿ ಕಾಪಾಡಿಕೊಳ್ಳುವುದಕ್ಕೆ ಹತ್ತಿರವಾದದ್ದು. ಮಡಿಯ ವಿಚಾರವನ್ನೂ ಕನ್ನಡ ಸಾಹಿತ್ಯ ನಮಗೆ ಸಾಕಷ್ಟು ಹೇಳಿದೆ.

1991ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಕ್ರಿಕೆಟ್ ತಂಡ ಮರಳಿ ಬಂದದ್ದು ಕೋಲ್ಕತ್ತದ ಈಡನ್ ಗಾರ್ಡನ್ಸಿಗೆ. ಗ್ಯಾಲರಿ ಚಪ್ಪಾಳೆ ತಟ್ಟಿತು, ಹಳೆಯ ಲೆಕ್ಕ ಮುಗಿಯಿತೆಂದು ಪತ್ರಿಕೆಗಳು ಬರೆದವು. ಬ್ರೂಟಸ್‌ಗೆ ಹಾಗೆನಿಸಲಿಲ್ಲ. 2007ರಲ್ಲಿ ಅವನ ದೇಶ ಕ್ರೀಡಾ ಗೌರವ ಪಟ್ಟಿಗೆ ಅವನನ್ನು ಸೇರಿಸಲು ಕರೆಯಿತು. ಎಂಬತ್ತು ದಾಟಿದ್ದ ಮುದುಕ ವೇದಿಕೆಗೆ ಹೋದ. ವರ್ಣಭೇದದ ಕಾಲದ ಕ್ರೀಡೆಯನ್ನು ಸಮರ್ಥಿಸಿದವರೂ ಇದೇ ಪಟ್ಟಿಯಲ್ಲಿರುವಾಗ ತನ್ನ ಹೆಸರು ಅಲ್ಲಿರಲಾರದು ಎಂದು ಹೇಳಿ, ಗೌರವವನ್ನು ಅಲ್ಲೇ ಬಿಟ್ಟು ಬಂದ.